ಹನ್ನೆರಡು ಮೊಳ

ಕಡುಬು ಅಂತ ಹೆಸರಿಟ್ಟಿದ್ದು ಮೆತ್ತಗಿದ್ದಾನೆ ಅಂತ.
ಆಗ ಅವನಿಗೆ ಇಪ್ಪತ್ತಾರು ದಿನ,
ಮಾಚೇನಹಳ್ಳಿಯ ಫೌಂಡ್ರಿ ಗೇಟಿನ ಹಿಂದೆ
ಮರಳುಗುಡ್ಡೆಯ ಮೇಲೆ ಏಳರಲ್ಲಿ ಒಬ್ಬ.
ಎರಡನೇ ಪಾಳಿ ಮುಗಿಸಿ ಬುತ್ತಿಚೀಲದಲ್ಲಿ ಹಾಕಿಕೊಂಡು ಬಂದೆ.
ಒಳ್ಳೆಯದನ್ನೇ ಮಾಡಿದೆ ಅಂದುಕೊಂಡೆ.

ಈಗ ಇಪ್ಪತ್ತೆಂಟು ಕಿಲೋ.
ಬೆಳಗ್ಗೆ ಆರಕ್ಕೆ ಹಳೇ ಜೈಲಿನ ಮೈದಾನಕ್ಕೆ ನಾವು ಕಾಲಿಟ್ಟರೆ
ನಾಯಿ ಹಿಡಿದವರೆಲ್ಲ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತಾರೆ.
ಸಿಲ್ವಿಯಾ ಟೀಚರು ತಮ್ಮ ಮುದಿ ಟಫಿಯನ್ನು ಕಂಕುಳಿಗೆ ಎತ್ತಿಕೊಂಡು
ಆಚೆ ಬದಿಯಿಂದಲೇ ಗುಡ್ ಮಾರ್ನಿಂಗ್ ಅನ್ನುತ್ತಾರೆ.
ಕಚ್ಚುವವನಲ್ಲ ಮೇಡಂ, ಆಟ ಅಷ್ಟೇ, ಅಂತ ಕೂಗುತ್ತೇನೆ.
ಎದೆಯಿಂದ ಗುದ್ದಿ ಕೆಡವುವುದು ಆಟ.
ಕೆಡವಿದ ಮೇಲೆ ಕುತ್ತಿಗೆಯ ತೊಗಲು ಹಿಡಿದು ಜಗ್ಗುವುದು ಆಟ.
ಕೆಳಗಿನದು ಕುಂಯ್ ಅಂದ ಮೇಲೂ ಬಿಡದಿರುವುದು...

ಇಮ್ತಿಯಾಜನ ನಾಯಿಯ ಕಿವಿಗೆ ನಾಲ್ಕು ಹೊಲಿಗೆ ಬಿದ್ದ ದಿನ
ಪಶು ಆಸ್ಪತ್ರೆಯ ಬೆಂಚಿನ ಮೇಲೆ ನಾವಿಬ್ಬರೂ ಮಾತಿಲ್ಲದೆ ಕೂತಿದ್ದೆವು.
ಕೈ ಒರೆಸಿಕೊಳ್ಳುತ್ತ ಡಾಕ್ಟರಮ್ಮ ಕೇಳಿದರು:
ಎಷ್ಟು ದಿನಕ್ಕೆ ತಾಯಿಯಿಂದ ಬಿಡಿಸಿದಿರಿ?
ಹೇಳಿದೆ.
ಅವರು ಬೈಯಲಿಲ್ಲ.
ಕಚ್ಚಿಸಿಕೊಂಡ ಮರಿ ಕಿರುಚುತ್ತೆ, ಆಟ ನಿಲ್ಲುತ್ತೆ, ಮತ್ತೆ ಶುರುವಾಗುತ್ತೆ,
ಹಲ್ಲು ತನ್ನ ಅಳತೆ ಕಲಿಯುವುದು ಅದರ ಮುಂದಿನ ತಿಂಗಳು ಕಣ್ರೀ, ಅಂದರು.
ಆ ತಿಂಗಳು ಇವನು ನನ್ನ ಬೂಟಿನ ಜೊತೆ ಆಡಿಕೊಂಡಿದ್ದ.
ಬೂಟು ಕುಂಯ್ ಅನ್ನುವುದಿಲ್ಲ.

ಗಾಂಧಿ ಬಜಾರಿನಲ್ಲಿ ಹನ್ನೆರಡು ಮೊಳ ಹತ್ತಿಹಗ್ಗ ಕೊಂಡೆ.
ಎಮ್ಮೆಗಾ, ಅಂತ ಕೇಳಿದ ಅಂಗಡಿಯವ.
ಡಾಕ್ಟರಮ್ಮನ ಲೆಕ್ಕ ಸುಲಭದ್ದು:
ಬಾಲ ಸೆಟೆಯುವ ಮೊದಲೇ, ತೆರೆದ ಬಾಯಿ ಮುಚ್ಚುವ ಮೊದಲೇ ಕರೆಯಿರಿ.
ಬಂದರೆ ಕೋಳಿ ಲಿವರಿನ ಒಂದು ಚೂರು.
ಏದುಸಿರು ಇಳಿಯುವ ತನಕ ನಿಂತಿರಿ.
ಆಮೇಲೆ ಇವನನ್ನಲ್ಲ, ಕೆಳಗೆ ಬಿದ್ದಿದ್ದ ನಾಯಿಯನ್ನು ನೋಡಿ.
ಅದು ತಾನಾಗಿ ವಾಪಸ್ ಬಂದರೆ ಅದು ಆಟ.
ಮೈ ಕೊಡವಿಕೊಂಡು ಹೊರಟುಹೋದರೆ
ಅಷ್ಟು ಹೊತ್ತು ಆಡಿದ್ದು ನಿಮ್ಮವನು ಒಬ್ಬನೇ.

ಹಳೇ ಡೈರಿಯ ಹಿಂದಿನ ಪುಟಗಳಲ್ಲಿ ಬರೆದಿಟ್ಟೆ:
ಹೊರಟುಹೋಯಿತು. ಹೊರಟುಹೋಯಿತು.
ಬಂತು, ಲಿವರಿನ ವಾಸನೆಗೆ.
ಹೊರಟುಹೋಯಿತು.

ಫೌಂಡ್ರಿಯಲ್ಲಿ ಚಿದಂಬರ ಅಂತ ಒಬ್ಬ ಹೊಸ ಹುಡುಗ.
ಪಾಳಿ ಶುರುವಾಗುವಾಗ ಅವನ ಬೆನ್ನಿಗೊಂದು ಬಾರಿಸುವುದು ನನ್ನ ರೂಢಿ.
ಅವನು ತೊದಲುವುದನ್ನು ಅವನೆದುರೇ ತೊದಲಿ ತೋರಿಸುತ್ತಿದ್ದೆ,
ಎಲ್ಲರೂ ನಗುತ್ತಿದ್ದೆವು, ಅವನೂ.
ಒಂದು ಸೋಮವಾರ ಕೈ ಕಟ್ಟಿಕೊಂಡು ಸುಮ್ಮನೆ ನಿಂತೆ.
ಅವನು ನನ್ನನ್ನು ದಾಟಿ ಹೋದ.
ಕೂಲರಿನ ಹತ್ತಿರ ನೀರು ಕುಡಿದ.
ಭುಜ ಒಮ್ಮೆ ಕೊಡವಿಕೊಂಡ.

ಇದನ್ನು ಡೈರಿಯಲ್ಲಿ ಬರೆಯಲಿಲ್ಲ.

ಇವತ್ತು ಪಾನಿಪುರಿ ಗಾಡಿಗಳ ಕಡೆಯ ಪಟ್ಟೆಪಟ್ಟೆ ಹೆಣ್ಣುನಾಯಿ ಬಂದಿತ್ತು,
ಮುಂಗಾಲಲ್ಲಿ ಒಂದು ಬೆರಳಿಲ್ಲ, ಹೆಸರೂ ಇಲ್ಲ.
ಇವನು ಗುದ್ದಿದ. ಅವಳು ಉರುಳಿದಳು.
ಕಡುಬೂ, ಅಂದೆ.
ಕಡುಬೂ.
ಎರಡನೆಯದಕ್ಕೆ ಬಂದ, ನಾಲಿಗೆ ನೆಲ ಮುಟ್ಟುವಷ್ಟು ಜೋತು.
ಹಿಡಿದು ನಿಂತೆ.
ಅವಳು ಎದ್ದಳು, ಒಂದು ಎಲೆತಟ್ಟೆ ಮೂಸಿದಳು,
ಪಕ್ಕೆ ಕೆರೆದುಕೊಂಡಳು, ಆಕಳಿಸಿದಳು,
ನಮಗೆ ಬೆನ್ನು ಹಾಕಿ ನಾಲ್ಕು ಹೆಜ್ಜೆ ನಡೆದೂ ಬಿಟ್ಟಳು.
ನನ್ನ ಎದೆ ಯಾಕೆ ಹಾಗೆ ಹೊಡೆದುಕೊಳ್ಳುತ್ತಿತ್ತೋ.
ಆಮೇಲೆ ತಿರುಗಿ ಓಡಿ ಬಂದು
ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಎತ್ತಿ,
ಒಂದು ಸಲ ಬೊಗಳಿದಳು.

ಹಗ್ಗ ಬಿಚ್ಚಲಿಲ್ಲ.
ಅಂಗೈಯಿಂದ ಮೊಳ ಮೊಳವಾಗಿ ಸಡಿಲ ಬಿಟ್ಟೆ,
ಐದು, ಆರು, ಏಳು.
ಅವನು ಅವಳ ಮುಂದೆ ಧೊಪ್ಪನೆ ಮಲಗಿ ಹೊಟ್ಟೆ ತೋರಿಸಿದ,
ಅವಳು ಅವನ ಕಿವಿ ಕಚ್ಚಿದಳು.
ಆಚೆ ಬದಿಯಲ್ಲಿ ಸಿಲ್ವಿಯಾ ಟೀಚರು
ಟಫಿಯನ್ನು ಕಂಕುಳಿಂದ ಇಳಿಸಲಿಲ್ಲ;
ನಡೆಯುವುದು ನಿಲ್ಲಿಸಿ ನೋಡುತ್ತಿದ್ದರು.